ಬಾತ ಕಾಲಿಗೆ ಮಂಚವೇ ಮದ್ದಲ್ಲ

ಗರ್ಭಕಂಠದ ಅಥವಾ ಗರ್ಭಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಕ್ಕಳಲ್ಲಿ ಹಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕಾಲು ಬಾತುಕೊಳ್ಳುತ್ತದೆ. ಆಗ ಕಿವಿಗೆ ಬೀಳುವ ಮಾತು ಒಂದೇ: ‘ಹೆಚ್ಚು ಓಡಾಡಬೇಡಿ, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ.’ ಮನೆಯವರು ಹಾಗೆನ್ನುವುದು ಅಕ್ಕರೆಯಿಂದ. ಆಸ್ಪತ್ರೆಯೂ ಅಷ್ಟನ್ನೇ ಹೇಳಿ ಕಳಿಸಿದರೆ ಅದು ಕರ್ತವ್ಯಲೋಪ.

ಕ್ಯಾನ್ಸರ್ ಹಬ್ಬಿದೆಯೇ ಎಂದು ನೋಡಲು ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನು ತೆಗೆಯುತ್ತಾರೆ. ಮೇಲೆ ರೇಡಿಯೇಷನ್ನೂ ಆದರೆ ಕಾಲಿನ ದುಗ್ಧರಸ ಹರಿಯಲು ಉಳಿದ ದಾರಿಯೂ ಕಟ್ಟಿಕೊಳ್ಳಬಹುದು. ಈ ರಸವನ್ನು ಮೇಲಕ್ಕೆ ತಳ್ಳಲು ಹೃದಯದಂಥ ಪಂಪಿಲ್ಲ. ನಾಳಗಳ ಸಣ್ಣ ಮಿಡಿತ, ಮೀನಖಂಡ ಬಿಗಿದು ಸಡಿಲುವಾಗಿನ ಒತ್ತು, ಆಳವಾದ ಉಸಿರು ಇವೇ ಅದನ್ನು ಸಾಗಿಸಬೇಕು. ಕಾಲು ಎತ್ತಿಟ್ಟರೆ ಶುರುವಿನಲ್ಲಿ ಬಾವು ತುಸು ಇಳಿಯುತ್ತದೆ, ನಿಜ. ಆದರೆ ದಿನವಿಡೀ ಮಲಗಿದರೆ ಮೀನಖಂಡಕ್ಕೆ ಕೆಲಸವೇ ಇಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೂ ಪ್ರಯೋಜನವಿಲ್ಲ: ನೀರು ಹೋಗುತ್ತದೆ, ಪ್ರೋಟೀನ್ ಅಲ್ಲೇ ಉಳಿಯುತ್ತದೆ.

‘ವ್ಯಾಯಾಮ ಮಾಡಿದರೆ ಬಾವು ಜಾಸ್ತಿಯಾಗುತ್ತದೆ’ ಎನ್ನುವವರಿದ್ದಾರೆ. ಸ್ತನ ಕ್ಯಾನ್ಸರಿನ ನಂತರ ತೋಳು ಬಾತವರಿಗೂ ಹೀಗೇ ಭಾರ ಎತ್ತಬೇಡಿ ಎಂದು ಹೆದರಿಸುತ್ತಿದ್ದರು. ಅಮೆರಿಕದಲ್ಲಿ ಕ್ಯಾಥ್ರಿನ್ ಶ್ಮಿಟ್ಸ್ ಮತ್ತು ಸಂಗಡಿಗರು ಅಂಥ 141 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಆ ಭಯ ಸುಳ್ಳೆಂದು ತೋರಿಸಿತು. ಕಾಲಿನ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು, ಒಪ್ಪುತ್ತೇನೆ. ಅದನ್ನೇ ನೆಪಮಾಡಿ ಹೆಂಗಸರನ್ನು ಮಂಚಕ್ಕೆ ಅಂಟಿಸುವುದನ್ನು ಒಪ್ಪಲಾರೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಒತ್ತಡದ ಕಾಲುಚೀಲ ಅಥವಾ ಬ್ಯಾಂಡೇಜ್ ಹಾಕಿಕೊಂಡೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹೊಟ್ಟೆ ಉಬ್ಬುವಂತೆ ಉಸಿರೆಳೆಯುವುದು, ನಡೆಯುವುದು. ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ, ಫಿಸಿಯೋಥೆರಪಿಸ್ಟ್ ಕಣ್ಣೆದುರಲ್ಲಿ ಕಲಿತು. ಬಾವನ್ನು ಮೊದಲೇ ಗುರುತಿಸಲು ಯಂತ್ರವೇ ಬೇಕೆಂದಿಲ್ಲ. ಕಾಲುಂಗುರ ತೊಡುವ ಬೆರಳಿನ ಬುಡದಲ್ಲಿ ಚರ್ಮವನ್ನು ಚಿವುಟಿ ಎತ್ತಲು ಬಾರದಿದ್ದರೆ ವೈದ್ಯರು ಅದನ್ನು ಲಿಂಫೆಡಿಮಾದ, ಅಂದರೆ ದುಗ್ಧರಸ ನಿಂತು ಬರುವ ಈ ಬಾವಿನ, ಲಕ್ಷಣವೆಂದೇ ನೋಡುತ್ತಾರೆ. ಕಾಲುಂಗುರ ಬಿಗಿಯಾಯಿತೆಂದು ತೆಗೆದಿಟ್ಟು ಸುಮ್ಮನಾಗುವ ಎಷ್ಟು ಹೆಂಗಸರಿಗೆ ಇದನ್ನು ಯಾರಾದರೂ ಹೇಳಿದ್ದಾರೆ? ದಿಢೀರನೆ ಬಾವು, ನೋವು, ಜ್ವರ, ಕೆಂಪು ಕಂಡರೆ ಮಾತ್ರ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರ ಬಳಿಗೆ ಹೋಗಬೇಕು. ಅದು ರಕ್ತ ಹೆಪ್ಪುಗಟ್ಟಿದ್ದೋ ಸೋಂಕೋ ಆಗಿರಬಹುದು.

ಇದೆಲ್ಲ ನಮಗೆ ಹೊಸತೂ ಅಲ್ಲ. ಆನೆಕಾಲು ರೋಗಿಗಳಿಗೆ ಪಾದ ತೊಳೆಯುವುದು, ಬ್ಯಾಂಡೇಜ್, ಯೋಗ, ಉಸಿರಾಟ ಕಲಿಸುವ ಕೆಲಸವನ್ನು ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಕಲಬುರಗಿ ಜಿಲ್ಲೆಯ ಹಳ್ಳಿಗಳವರೆಗೂ ಒಯ್ದಿತ್ತು. ಅದೇ ಬಗೆಯ ಬಾವು ಕ್ಯಾನ್ಸರಿನಿಂದ ಬಂದಾಗ ಅದೇ ಕಲಿಕೆ ಏಕೆ ಸಿಗಬಾರದು?

ಅಮೆರಿಕದ ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ ಇಂಥ ಬಾವಿಗೆ ಹಾಕುವ ಒತ್ತಡದ ಉಡುಪಿಗೆ ಹಣ ಕೊಡತೊಡಗಿದ್ದೇ 2024ರ ಜನವರಿಯಲ್ಲಿ, ರೋಗಿಗಳು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ. ನಾವೂ ಅಷ್ಟು ಕಾಯಬೇಕಿಲ್ಲ. ಡಿಸ್ಚಾರ್ಜ್‌ಗೆ ಮೊದಲೇ ಎರಡೂ ಕಾಲುಗಳ ಸುತ್ತಳತೆ ಬರೆದಿಡಬೇಕು, ವ್ಯಾಯಾಮ ಕಲಿಸಬೇಕು, ಅದರ ವಿವರ ಕನ್ನಡದಲ್ಲಿ ಕೈಗೆ ಸಿಗಬೇಕು. ಆಪರೇಷನ್ನಿಗೆ ಹಣ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಫಿಸಿಯೋಥೆರಪಿಗೂ ಕಾಲುಚೀಲಕ್ಕೂ ಕೊಡಬೇಕು. ದಿನವೂ ಹಾಕುವ ಚೀಲ ಆರು ತಿಂಗಳಿಗೆಲ್ಲ ಬಿಗಿ ಕಳೆದುಕೊಳ್ಳುವುದರಿಂದ, ಒಮ್ಮೆ ಕೊಟ್ಟು ಕೈತೊಳೆದುಕೊಂಡರೆ ಸಾಲದು.