ಒಂದೇ ಬಡಾವಣೆ, ಎರಡು ತೆರಿಗೆ

ಮನೆಗಳ ಬೆಲೆಯೊಡನೆ ತೆರಿಗೆಯೂ ಏರುತ್ತ ಹೋಗಿ, ನಿವೃತ್ತಿವೇತನವೊಂದನ್ನೇ ನಂಬಿದ ವೃದ್ಧರು ತಾವು ಬಾಳಿ ಬದುಕಿದ ಮನೆಯನ್ನು ಮಾರಬೇಕಾದೀತೆಂಬ ಭೀತಿಯಿಂದ ಕ್ಯಾಲಿಫೋರ್ನಿಯದ ಮತದಾರರು 1978ರ ಜೂನ್ ತಿಂಗಳಲ್ಲಿ ಅಂಗೀಕರಿಸಿದ ಹದಿಮೂರನೆಯ ಪ್ರಸ್ತಾವವು, ತೆರಿಗೆಯನ್ನು ನಿರ್ಧಾರಿತ ಮೌಲ್ಯದ ಶೇಕಡಾ 1ಕ್ಕೆ ಮಿತಗೊಳಿಸಿ, ಆ ಮೌಲ್ಯವು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಬೆಳೆಯಕೂಡದೆಂದೂ, ಮನೆಯು ಕೈ ಬದಲಾದಾಗ ಪೇಟೆಯ ಬೆಲೆಗೆ ಏರತಕ್ಕದ್ದೆಂದೂ ವಿಧಿಸಿತು. ಉದ್ದೇಶವು ಕರುಣಾಪೂರ್ಣವಾದುದೇ ಸರಿ. ಆದರೆ 1988ರಲ್ಲಿ ಲಾಸ್ ಏಂಜಲೀಸಿನಲ್ಲಿ 1,70,000 ಡಾಲರಿಗೆ ಸಾಧಾರಣ ಮನೆಯೊಂದನ್ನು ಕೊಂಡ ನಾರ್ಡ್ಲಿಂಗರ್ ಎಂಬಾಕೆಗೆ 1,701 ಡಾಲರು ತೆರಿಗೆ ಬಿದ್ದರೆ, ಅದೇ ಬಡಾವಣೆಯಲ್ಲಿ, ತುಸು ದೊಡ್ಡ ನಿವೇಶನದ ಮೇಲಿದ್ದ ಅಷ್ಟೇ ಅಳತೆಯ ಹಳೆಯ ಒಡೆತನದ ಮನೆಗೆ ಬಿದ್ದುದು ಸುಮಾರು 358 ಡಾಲರು! ಇಬ್ಬರಿಗೂ ಅದೇ ರಸ್ತೆ, ಅದೇ ಶಾಲೆ, ಅದೇ ಅಗ್ನಿಶಾಮಕ ದಳ.

1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದರ ವಿರುದ್ಧ ಎಂಟು ಮತಗಳಿಂದ ಈ ಭೇದವನ್ನು ಎತ್ತಿಹಿಡಿಯಿತು. ಅದರಿಂದ ಇದು ಸಂವಿಧಾನಸಮ್ಮತವಾಯಿತೇ ಹೊರತು ನ್ಯಾಯ್ಯವಾಯಿತೆಂದು ನಾವು ಒಪ್ಪಲಾರೆವು. ವೃದ್ಧರ ರಕ್ಷಣೆಯೇ ಗುರಿಯಾದಲ್ಲಿ, ಅವರ ತೆರಿಗೆಯನ್ನು ಮನೆ ಮಾರಾಟವಾಗುವವರೆಗೆ ಮುಂದೂಡುವ, ಆ ರಾಜ್ಯದಲ್ಲಿಯೇ ಇರುವ ಏರ್ಪಾಟನ್ನು ವಿಸ್ತರಿಸಬಹುದು. ಶ್ರೀಮಂತ ವ್ಯಾಪಾರಸಂಸ್ಥೆಗಳ ಹಳೆಯ ಕಟ್ಟಡಗಳಿಗೂ ಇದೇ ರಿಯಾಯಿತಿ ಸಲ್ಲುತ್ತಿರುವುದಕ್ಕಂತೂ ಯಾವ ಸಮರ್ಥನೆಯೂ ಇಲ್ಲ. ದೊಡ್ಡ ವಾಣಿಜ್ಯ ಆಸ್ತಿಗಳನ್ನು ಪೇಟೆಯ ಬೆಲೆಗೆ ತರಬೇಕೆಂಬ ಪ್ರಸ್ತಾವವು 2020ರಲ್ಲಿ ಸೋತಿತು. ಅದನ್ನು ಮತ್ತೊಮ್ಮೆ ಜನರ ಮುಂದಿಡತಕ್ಕದ್ದು.