ಕಡಲು ಕಾದರೆ ಕೇರಿಗೇನು?

ದಂಡಿನಶಿವರಕ್ಕೂ ಕಡಲಿಗೂ ಏನು ನಂಟು? ನಡುವೆ ಘಟ್ಟವೇ ಇದೆಯಲ್ಲ ಅಂತಾರೆ. ನಂಟು ಇದೆ ಗೆಳೆಯರೇ.

ಚಂಡಮಾರುತಕ್ಕೆ ಮೇವು ಕಾದ ಕಡಲು. ನೀರು ಸುಮಾರು 26.5 ಡಿಗ್ರಿ ದಾಟಿ ಬೆಚ್ಚಗಿರಬೇಕು. ಅದರಿಂದೆದ್ದ ಆವಿ ಮೇಲೆ ತಣಿದು ನೀರಾಗುವಾಗ ಬಿಡುವ ಶಾಖವೇ ಗಾಳಿಗೆ ಬಲ. ಕಲ್ಲಿದ್ದಲು, ಪೆಟ್ರೋಲು ಉರಿಸಿ ಭೂಮಿಗೆ ಏರಿಸಿದ ಬಿಸಿಯಲ್ಲಿ ನೂರಕ್ಕೆ 90 ಪಾಲನ್ನು ಕಡಲೇ ನುಂಗಿದೆ. ಗಾಳಿ ಒಂದು ಡಿಗ್ರಿ ಕಾದರೆ ನೂರಕ್ಕೆ 7ರಷ್ಟು ಹೆಚ್ಚು ಆವಿ ಹೊರುತ್ತದೆ. ಹೀಗಾಗಿ ಜಗತ್ತಿನಲ್ಲಿ ಚಂಡಮಾರುತಗಳ ಎಣಿಕೆ ಹೆಚ್ಚದೆ ಇರಬಹುದು. ಆದರೆ ಬಂದದ್ದರ ಏಟು ಜೋರು, ಮಳೆಯೂ ಜೋರು.

ನಮ್ಮ ಪಡುಗಡಲು ಬಂಗಾಳ ಕೊಲ್ಲಿಯ ಮುಂದೆ ಸಾಧು ಅನ್ನಿಸಿಕೊಂಡಿತ್ತು. 2021ರಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳು ಲೆಕ್ಕ ಕೊಟ್ಟರು: ಹಿಂದಿನ ಎರಡು ದಶಕಕ್ಕಿಂತ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳು ನೂರಕ್ಕೆ 52ರಷ್ಟು ಹೆಚ್ಚಿವೆ. ಅದೇ ವರ್ಷ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಗೆ ಬಡಿದು ಗುಜರಾತಿಗೆ ಹೋಯಿತು.

ತೆಂಗಿನ ಸೀಮೆಯವರು 2018ರ ನವೆಂಬರ್ 16ನ್ನು ನೆನಪಿಡಬೇಕು. ತಮಿಳುನಾಡಿನ ವೇದಾರಣ್ಯದ ಬಳಿ ನೆಲ ಮುಟ್ಟಿದ ಗಜ ಚಂಡಮಾರುತ ತಂಜಾವೂರು, ಪುದುಕ್ಕೋಟೆ, ತಿರುವಾರೂರು ಕಡೆ ಲಕ್ಷಗಟ್ಟಲೆ ತೆಂಗಿನಮರ ಉರುಳಿಸಿತು. ಭೂಮಿಯ ಬಿಸಿಯೇ ಗಜವನ್ನು ಹುಟ್ಟಿಸಿತು ಅಂತ ನಾವು ಹೇಳುತ್ತಿಲ್ಲ. ಗಾಳಿ ಬಲಿತರೆ ತೆಂಗಿನ ನಾಡಿನ ಗತಿ ಏನು ಅಂತ ಅದು ತೋರಿಸಿತು. ಸರ್ಕಾರ ಬಿದ್ದ ಮರ ಎಣಿಸಿ ಮರಕ್ಕಿಷ್ಟು ಅಂತ ಪರಿಹಾರ ಕೊಟ್ಟಿತು. ಮರದ ದುಡ್ಡು ಮರದ ಒಡೆಯನಿಗೆ. ಸರಿ. ಆ ಮರ ಹತ್ತಿ ಬದುಕುತ್ತಿದ್ದವನಿಗೆ?

ನೆಲಕ್ಕೆ ಬಂದ ಚಂಡಮಾರುತ ಮೇವಿಲ್ಲದೆ ಸೊರಗುತ್ತದೆ, ದಿಟ. ಕಡಲಂಚಿನಲ್ಲಿ ಬೀಸುವ ಗಾಳಿ ತಿಪಟೂರು, ತುರುವೇಕೆರೆಗೆ ಅದೇ ಬಿರುಸಲ್ಲಿ ಬರಲಾರದು. ಆದರೆ ಮಳೆ ಬರುತ್ತದೆ. ಕೊಯ್ದ ರಾಗಿ ಹೊಲದಲ್ಲೇ ಮೊಳೆಯುತ್ತದೆ. ಕೇರಿಯ ಮಣ್ಣಿನ ಗೋಡೆ ಕುಸಿಯುತ್ತದೆ. ಕಾಯಿ ಕೀಳುವ ಅಪ್ಪ, ಕೊಬ್ಬರಿ ಸುಲಿಯುವ ಅವ್ವ ಕೂಲಿಯಿಲ್ಲದೆ ಕೂರುತ್ತಾರೆ. ಕಾರು, ಕಾರ್ಖಾನೆ ಕಾಣದವರ ಒಲೆ ಮೊದಲು ಆರುತ್ತದೆ.

ತೋಟಕ್ಕೆ ಪಹಣಿ ಇದೆ. ಕೂಲಿ ಮಾಡುವ ಕೈಗೆ ಯಾವ ಪಹಣಿ?

ಹಾಸ್ಟೆಲಿನ ಗೆಳೆಯರೇ, ಭೂಗೋಳದ ಪಾಠವನ್ನು ಪರೀಕ್ಷೆಗೆ ಮಾತ್ರ ಓದಬೇಡಿ. ಈ ಸಲ ಮಳೆ ಹಿಡಿದಾಗ ಊರಿಗೆ ಹೋಗಿ. ಬಿದ್ದ ಗೋಡೆ ಎಷ್ಟು, ಕೂಲಿ ತಪ್ಪಿದ ದಿನ ಎಷ್ಟು, ಮನೆಮನೆಗೆ ಕೇಳಿ ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗೋಣ. ಮರ ಎಣಿಸುವವರು ಮನುಷ್ಯರನ್ನೂ ಎಣಿಸಲಿ.