ಹಳೆಯ ಗಣಕಗಳ ಮರಣಶಾಸನ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ನೆಯ ಇಸವಿ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾಂಗವಿರತಕ್ಕದ್ದೆಂಬ ನಿಯಮದಿಂದ, ಸುಸ್ಥಿತಿಯಲ್ಲಿರುವ ಅಸಂಖ್ಯ ಗಣಕಗಳು ಅನರ್ಹವೆನಿಸಿವೆ. ಯಂತ್ರವು ಸವೆಯುವ ಮುನ್ನವೇ ಅದಕ್ಕೆ ಮರಣಶಾಸನ ಬರೆಯುವ ಅಧಿಕಾರವು ಮಾರಿದವನದೋ, ಕೊಂಡವನದೋ?

ಲುಬುಂಟುವಿನಂತಹ ಹಗುರವಾದ ಲಿನಕ್ಸ್ ವ್ಯವಸ್ಥೆಗಳು ಬೆಲೆಯಿಲ್ಲದೆ ದೊರೆಯುತ್ತವೆ. ಆಡಂಬರವನ್ನು ತೊರೆದಿರುವುದರಿಂದ ಅವಕ್ಕೆ ಅಲ್ಪ ಸ್ಮೃತಿಯೇ ಸಾಕು. ಪೆನ್‌ಡ್ರೈವಿನಿಂದಲೇ ಮೊದಲು ನಡೆಸಿ ಪರೀಕ್ಷಿಸಬಹುದು. ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿಕೊಂಡ ಬಳಿಕವೇ ಸ್ಥಾಪಿಸತಕ್ಕದ್ದು. ಪರಿಚಿತ ತಂತ್ರಾಂಶಗಳಲ್ಲಿ ಕೆಲವು ಅಲ್ಲಿ ನಡೆಯವೆಂಬುದು ದಿಟ; ಆದರೆ ಬರವಣಿಗೆಗಾಗಲಿ, ಲೆಕ್ಕಕ್ಕಾಗಲಿ, ಕನ್ನಡಕ್ಕಾಗಲಿ ಕೊರತೆಯಿಲ್ಲ.

2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೆತ್ತಿತು. ನಮ್ಮ ಶಾಲೆಗಳೂ ಗ್ರಂಥಾಲಯಗಳೂ ಹಳೆಯ ಗಣಕವನ್ನು ಗುಜರಿಗೆ ಕಳುಹುವ ಮುನ್ನ ಈ ಪ್ರಯೋಗವನ್ನು ಮಾಡಿ ನೋಡುವುದು ಯುಕ್ತವು.